ಬೆಲ್ಟೋ ಚೈನೋ ಆಮೇಲೆ, ಮೊದಲು ಬಿಲ್ಲು ಕೇಳಿ

ನಿಮ್ಮ ಕೈಯಲ್ಲಿರುವ ದುಡ್ಡಿಗೆ ಎರಡು ಹಳೆ ಕಾರು ಸಿಕ್ಕಿವೆ. ಒಂದರಲ್ಲಿ ಟೈಮಿಂಗ್ ಬೆಲ್ಟ್, ಅದನ್ನು ಬದಲಾಯಿಸಿದ ಬಿಲ್ಲೂ ಇದೆ. ಇನ್ನೊಂದರಲ್ಲಿ ಚೈನ್, ಆದರೆ ಸರ್ವಿಸ್ ಮಾಡಿಸಿದ್ದಕ್ಕೆ ಕಾಗದ ಒಂದೂ ಇಲ್ಲ. ಸ್ನೇಹಿತರೆಲ್ಲ ಚೈನ್ ಇರುವುದನ್ನೇ ತಗೋ ಅನ್ನುತ್ತಿದ್ದಾರೆ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ನಾನು ಎರಡರಲ್ಲೂ ಕೈ ಸುಟ್ಟುಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮೊದಲ ಕಾರು ಬೆಲ್ಟ್‌ನದು. "ಹೋದ ವರ್ಷವೇ ಹೊಸದು ಹಾಕಿಸಿದ್ದೇನೆ" ಅಂದರು ಮಾರಿದವರು. ಬಿಲ್ಲು ಕೇಳಲು ನನಗೆ ಸಂಕೋಚ. ನಾಲ್ಕೇ ತಿಂಗಳಿಗೆ ಓಡುತ್ತಿದ್ದ ಗಾಡಿ ಆಫ್ ಆಯಿತು. ಕೀ ತಿರುಗಿಸಿದರೆ ಸ್ಟಾರ್ಟರ್ ತಡೆಯೇ ಇಲ್ಲದೆ ಹಗುರವಾಗಿ ಸುತ್ತುತ್ತಿತ್ತು. ಬೆಲ್ಟ್ ಹರಿದಿತ್ತು, ವಾಲ್ವ್‌ಗಳು (ಎಂಜಿನ್‌ ಒಳಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲುಗಳು) ಬಾಗಿದ್ದವು.

ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವ್ ತೆರೆಯುವ ದಂಡ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ಸುತ್ತುವಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಸುತ್ತಬೇಕು. ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದೇ ಬೆಲ್ಟ್ ಅಥವಾ ಚೈನ್‌ನ ಕೆಲಸ. ಬೆಲ್ಟ್ ಹರಿದರೆ ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವ್ ತೆರೆದೇ ಉಳಿಯುತ್ತವೆ, ಕೆಳಗಿನಿಂದ ಬಂದ ಪಿಸ್ಟನ್ ಅವಕ್ಕೆ ಗುದ್ದುತ್ತದೆ. ಕೆಲವು ಎಂಜಿನ್‌ಗಳಲ್ಲಿ ನಡುವೆ ಜಾಗ ಇರುತ್ತದೆ, ಅಲ್ಲಿ ಗಾಡಿ ಸುಮ್ನೆ ನಿಲ್ಲುತ್ತದೆ ಅಷ್ಟೇ.

ಆಮೇಲೆ ಹಟಕ್ಕೆ ಬಿದ್ದು ಚೈನ್ ಇರುವ ಕಾರು ತಂದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಸೆಕೆಂಡು ಗಲಗಲ ಸದ್ದು, ಆಮೇಲೆ ಮೌನ. ಹಳೆ ಗಾಡಿ ಅಂದರೆ ಹೀಗೇ ಅಂದುಕೊಂಡೆ. ಚೈನ್ ಓಡುವುದು ಎಂಜಿನ್ ಆಯಿಲ್‌ನಲ್ಲಿ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಕೂಡ ಸಾಮಾನ್ಯವಾಗಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಹಿಂದಿನ ಮಾಲೀಕರು ಆಯಿಲ್ ಬದಲಾಯಿಸದೆ ಓಡಿಸಿದ್ದರೆ ಕೊಂಡಿಗಳು ಸವೆದು ಚೈನ್ ಉದ್ದವಾಗುತ್ತದೆ, ಸಡಿಲವಾದ ಚೈನಿನದೇ ಆ ಗಲಗಲ ಸದ್ದು. ಆಗ ಖರ್ಚು ಬೆಲ್ಟ್‌ಗಿಂತ ಜಾಸ್ತಿ, ಯಾಕೆಂದರೆ ಬಿಚ್ಚುವುದು ಜಾಸ್ತಿ. ಬಿಎಂಡಬ್ಲ್ಯುನ ಎನ್47 ಡೀಸೆಲ್‌ನಲ್ಲಂತೂ ಚೈನ್ ಇರುವುದು ಗೇರ್‌ಬಾಕ್ಸ್ ಕಡೆ, ಅಲ್ಲಿಗೆ ಕೈ ಹೋಗುವುದೇ ಕಷ್ಟ!

ಹಾಗಾಗಿ ಬೆಲ್ಟ್ ಅಂದರೆ ಮೊದಲೇ ಗೊತ್ತಿರುವ ಖರ್ಚು. ಎಂಜಿನ್ ನೋಡಿಕೊಂಡು 60,000ದಿಂದ 1,60,000 ಕಿಲೋಮೀಟರ್ ಒಳಗೆ ಎಲ್ಲೋ ಒಂದು ಕಡೆ ಅದರ ಗಡುವು ಇರುತ್ತದೆ, ಮ್ಯಾನ್ಯುಯಲ್‌ನಲ್ಲಿ ನೋಡಿ. ವರ್ಷದ ಲೆಕ್ಕವೂ ಉಂಟು. ಕಾರಿಗೆ 12 ವರ್ಷವಾಗಿದ್ದು ಬರೀ 40,000 ಓಡಿದ್ದರೂ ಬೆಲ್ಟ್‌ನ ರಬ್ಬರಿಗೂ ವಯಸ್ಸಾಗಿರುತ್ತದೆ. ಬಿಲ್ಲಿನಲ್ಲಿ ಟೆನ್ಶನರ್ ಇದೆಯಾ ನೋಡಿ. ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತಿದ್ದರೆ ಅದೂ ಇರಬೇಕು. ಬಿಲ್ಲೇ ಇಲ್ಲವೇ? ಬದಲಾಯಿಸಿಲ್ಲ ಅಂತಲೇ ತಿಳಿದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕಾರಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಏಳನೇ ತಲೆಮಾರಿನ ಹೋಂಡಾ ಸಿವಿಕ್‌ನ 1.7 ಲೀಟರ್ ಎಂಜಿನ್‌ಗೆ ಬೆಲ್ಟ್, ಎಂಟನೆಯದರ 1.8ಕ್ಕೆ ಚೈನ್. ಆಯಿಲ್‌ನಲ್ಲೇ ಮುಳುಗಿ ಓಡುವ ಬೆಲ್ಟ್ ಅಂತಲೂ ಒಂದಿದೆ. ಫೋರ್ಡ್‌ನ ಮೊದಮೊದಲ 1.0 ಇಕೋಬೂಸ್ಟ್, ಪೂಜೋ ಮತ್ತು ಸಿಟ್ರೊಯೆನ್‌ನ ಹಳೆಯ 1.2 ಪ್ಯೂರ್‌ಟೆಕ್‌ ಎಂಜಿನ್‌ಗಳಲ್ಲಿ ಇರುವುದು ಅದೇ. ಅದರ ಪುಡಿ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳಬಹುದು. ಕೈಯಲ್ಲಿ ಕಡಿಮೆ ದುಡ್ಡಿರುವವರಿಗೆ ಆ ಸಹವಾಸ ಬೇಡ.

ನಾನಾಗಿದ್ದರೆ ಬಿಲ್ಲು ಇರುವ ಬೆಲ್ಟ್ ಕಾರನ್ನೇ ಮೊದಲು ನೋಡುತ್ತಿದ್ದೆ. ಚೈನ್‌ನದನ್ನೂ ನೋಡುವ ಆಸೆ ಇದ್ದರೆ, ಗಾಡಿ ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದಲೇ ಫೋನ್‌ನಲ್ಲಿ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದರೆ ಆಯಿಲ್ ಕ್ಯಾಪ್ ತೆಗೆದು ಒಳಗೆ ಕಪ್ಪು ಜಿಡ್ಡು ಕೂತಿದೆಯಾ ನೋಡಿ, ಮುಚ್ಚಿ, ಆಮೇಲೆ ಸ್ಟಾರ್ಟ್ ಮಾಡಿಸಿ ಮೊದಲ ಎರಡು ಸೆಕೆಂಡು ಕಿವಿಗೊಟ್ಟು ಕೇಳಿ.