ಓದುಗರ ಪ್ರಶ್ನೆ, ನಮ್ಮ ಉತ್ತರ: ಮುಯ್ಯಿ ಪುಸ್ತಕದಲ್ಲಿ ಯಾರ ಹೆಸರಿತ್ತು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನ ಸುತ್ತ ಇವೆ. ಮೊದಲಿನ ಥರ ಜನ ಈಗಿಲ್ಲ, ಹೋಗಿ ಬರೋದು ಇಲ್ಲ, ಕಷ್ಟಸುಖ ಕೇಳೋರಿಲ್ಲ ಅಂತ. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲ ಎರಡಕ್ಕೆ ಜಾಗ ಜಾಸ್ತಿ ಬೇಕಾಯ್ತು, ಯಾಕೆಂದರೆ ಅವೆರಡನ್ನೂ ಒಟ್ಟಿಗೆ ಓದಬೇಕು.

ಪ್ರಶ್ನೆ: ನನಗೀಗ 68. ನನ್ನ ಮದುವೆಗೆ ಊರಿಗೆ ಊರೇ ಬಂದು ದುಡಿದಿತ್ತು. ಮೊನ್ನೆ ಮೊಮ್ಮಗಳ ಮದುವೆ ಬೆಂಗಳೂರಿನ ದೊಡ್ಡ ಛತ್ರದಲ್ಲಿ ಆಯ್ತು. ಬಂದವರೆಲ್ಲ ಸಾಲಲ್ಲಿ ನಿಂತು ಫೋಟೊ ತೆಗೆಸಿಕೊಂಡರು, ಉಂಡರು, ಹೊರಟರು. ನನ್ನ ಪಕ್ಕ ಕೂತು ಮಾತಾಡಿದವರು ಇಬ್ಬರೋ ಮೂವರೋ. ಜನರಲ್ಲಿ ಪ್ರೀತಿಯೇ ಇಲ್ಲವಾಯಿತೇ?
(ಓದುಗರು, ತಿಪಟೂರು)

ಉತ್ತರ: ಪ್ರೀತಿ ಹೋಗಿಲ್ಲ ಯಜಮಾನರೇ, ಒಟ್ಟಿಗೆ ಮಾಡೋ ಕೆಲಸ ಹೋಗಿದೆ. ಪ್ರೀತಿ ಕಡಿಮೆಯಾದಂತೆ ಕಾಣೋದು ಅದರಿಂದ.

ನಿಮ್ಮ ಕಾಲದಲ್ಲಿ ಒಂದು ಮದುವೆ ಎಬ್ಬಿಸೋಕೆ ಎಷ್ಟು ಕೈ ಬೇಕಿತ್ತು ನೆನಪು ಮಾಡಿಕೊಳ್ಳಿ. ಚಪ್ಪರಕ್ಕೆ ಗಳ ಕಡಿದು ತರಬೇಕು, ತೆಂಗಿನ ಗರಿ ಹೆಣೆಯಬೇಕು. ನಿಮ್ಮದು ತೆಂಗಿನ ಸೀಮೆ, ಗರಿ ಹೆಣೆಯೋದು ನಿಮಗೆ ನಾನು ಹೇಳಬೇಕಾಗಿಲ್ಲ. ಗರಿಯನ್ನು ನಡುವೆ ಸೀಳಿ, ನೆನೆಹಾಕಿ, ನಾಲ್ಕು ಜನ ಎದುರುಬದುರು ಕುಕ್ಕರಗಾಲಲ್ಲಿ ಕೂತು ಹೆಣೆಯೋಕೆ ಶುರು ಮಾಡಿದರೆ, ಕೈ ಅದರ ಪಾಡಿಗೆ ಅದು ಓಡುತ್ತಿತ್ತು, ಬಾಯಿಗೆ ಬೇರೆ ಕೆಲಸವಿಲ್ಲ. ಯಾರ ಹಸು ಕರು ಹಾಕಿತು, ಯಾರ ಬಾವಿ ಬತ್ತಿತು, ಯಾರ ಹುಡುಗ ಫೇಲಾದ, ಎಲ್ಲ ಅಲ್ಲೇ ಬರುತ್ತಿತ್ತು. ಒಳಗೆ ಹೆಂಗಸರು ಅಕ್ಕಿ ಕೇರುತ್ತಾ, ಹಪ್ಪಳ ಒತ್ತುತ್ತಾ, ಹಿಂದಿನ ರಾತ್ರಿ ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚುತ್ತಾ ಮಾಡುತ್ತಿದ್ದುದೂ ಅದನ್ನೇ. ಮಾತಾಡೋಕೆ ಅಂತ ಯಾರೂ ಬಂದವರಲ್ಲ. ಕೆಲಸಕ್ಕೆ ಬಂದಿದ್ದರು, ಮಾತು ತಾನಾಗಿ ಹುಟ್ಟಿತು. ಈಗ ಶಾಮಿಯಾನ ಹಾಕೋರು ಬೇರೆ, ಅಡುಗೆ ಗುತ್ತಿಗೆ ಬೇರೆ, ಬಡಿಸೋ ಹುಡುಗರು ಬೇರೆ. ಬಂದ ನೆಂಟನಿಗೆ ಕೈಗೊಂದು ಕೆಲಸ ಇಲ್ಲ. ಸುಮ್ನೆ ಕುರ್ಚಿ ಮೇಲೆ ಕೂತವನು ಎಷ್ಟು ಹೊತ್ತು ಕೂತಾನು?

ಇನ್ನೊಂದು, ಮುಯ್ಯಿ. ಪಂಚೆ ಉಟ್ಟ ಒಬ್ಬರು ಉದ್ದನೆಯ ಪುಸ್ತಕ ಹಿಡಿದು ಕೂತಿರುತ್ತಿದ್ದರು. ಹೆಸರು, ಊರು, ಕೊಟ್ಟಿದ್ದು ಎಷ್ಟು ಎಂದು ಒಂದೊಂದಾಗಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಅವರ ಮನೆ ಮದುವೆ ಬಂದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಹಾಕುತ್ತಿದ್ದರು. ಹೊಲದಲ್ಲೂ ಇದೇ ಲೆಕ್ಕ, ಮುಯ್ಯಾಳು. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಾಳೆ ನಮ್ಮದಕ್ಕೆ ನಿಮ್ಮವರು ಇಬ್ಬರು. ಕೈಯಲ್ಲಿ ಕಾಸು ಕಡಿಮೆ ಇದ್ದ ಕಾಲದಲ್ಲಿ ದೊಡ್ಡ ಕೆಲಸ ಎತ್ತೋಕೆ ಜನ ಕಂಡುಕೊಂಡ ದಾರಿ ಅದು. ಜಗಳ ಆಡಿದರೂ ಮಾತು ಬಿಡೋ ಹಾಗಿರಲಿಲ್ಲ, ಯಾಕೆಂದರೆ ಮುಂದಿನ ತಿಂಗಳು ಅವನ ಆಳು ನಮಗೆ ಬೇಕು. ದುಡ್ಡು ಬಂತು, ಟ್ರ್ಯಾಕ್ಟರ್ ಬಂತು, ಕೂಲಿಗೆ ಬೇರೆ ರಾಜ್ಯದಿಂದ ಜನ ಬಂದರು. ಒಬ್ಬರಿಗೊಬ್ಬರು ಬೇಕಾಗೋದು ಅಷ್ಟರ ಮಟ್ಟಿಗೆ ತಪ್ಪಿತು. ಈಗ ಲಗ್ನಪತ್ರಿಕೆಯಲ್ಲೇ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿಸುತ್ತಾರೆ. ಆದರೆ ಕೊಡೋದು ನಿಂತಲ್ಲಿ ತಿರುಗಿ ಕೊಡೋಕೆ ಹೋಗೋದೂ ನಿಲ್ಲುತ್ತದೆ.

ನಿಮ್ಮ ಮನೆಯಲ್ಲಿ ಇನ್ನೊಂದು ಮದುವೆ ಇದ್ದರೆ ಹಿಂದಿನ ದಿನದ ಶಾಸ್ತ್ರವನ್ನಾದರೂ ಛತ್ರದಿಂದ ಮನೆಗೆ ತನ್ನಿ, ಹತ್ತು ಜನರಿಗೆ ಹೂ ಕಟ್ಟೋ ಕೆಲಸ ಕೊಡಿ. ಸರಳವಾಗಿ ಮದುವೆ ಮಾಡೋದು ಹೊಸ ಮಾತೂ ಅಲ್ಲ. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿಸಿದರು. ಇವತ್ತಿಗೂ ಆ ದಾರಿ ಹಿಡಿಯೋ ಮನೆಗಳಿವೆ. ಅಂಥ ಮದುವೆಗೆ ಬಂದವರು ಕೂತು ಮಾತಾಡಿಯೇ ಹೋಗುತ್ತಾರೆ.

ಪ್ರಶ್ನೆ: ಊರಿಗೆ ಹೋದಾಗಲೆಲ್ಲ ಹಿರಿಯರು 'ಆಗ ಒಗ್ಗಟ್ಟಿತ್ತು, ಈಗಿಲ್ಲ' ಅನ್ನುತ್ತಾರೆ. ನಮ್ಮಜ್ಜಿ ಮಾತ್ರ ಹಾಗೆ ಒಂದು ದಿನವೂ ಅಂದಿಲ್ಲ. ಊರ ಮದುವೆಗಳಿಗೆ ನಮ್ಮವರು ಸೌದೆ ಹೊತ್ತರು, ತಮಟೆ ಬಡಿದರು, ಎಲ್ಲರ ಊಟ ಆದಮೇಲೆ ಹಿತ್ತಲಲ್ಲಿ ಉಂಡರು. ಆ ಹಿರಿಯರಿಗೆ ನಾನು ಏನು ಹೇಳಲಿ?
(ಓದುಗರು, ಮಂಡ್ಯ ಜಿಲ್ಲೆ)

ಉತ್ತರ: ನಿಮ್ಮಜ್ಜಿ ಹೇಳಿದ್ದನ್ನೇ ಹೇಳಿ. ಅದಕ್ಕಿಂತ ಸರಿಯಾದ ಮಾತು ನನ್ನಲ್ಲಿಲ್ಲ.

ಮೇಲೆ ಬರೆದ ಮುಯ್ಯಿ ಪುಸ್ತಕದಲ್ಲಿ ನಿಮ್ಮ ಕೇರಿಯವರ ಹೆಸರು ಇತ್ತೇ ಅಂತ ಕೇಳಿ. ಮುಯ್ಯಿ ಅಂದರೆ ತಿರುಗಿ ಬರುವಂಥದ್ದು. ನಿಮ್ಮವರು ಹೊತ್ತ ಸೌದೆಗೆ ಬದಲಾಗಿ ನಿಮ್ಮ ಮನೆ ಮದುವೆಗೆ ಯಾರಾದರೂ ಸೌದೆ ಹೊತ್ತು ತಂದರೇ? ನಿಮ್ಮ ಚಪ್ಪರದಲ್ಲಿ ಕೂತು ಉಂಡರೇ? ಇಲ್ಲ. ಹಾಗಾದರೆ ಅದು ಮುಯ್ಯಿಯಲ್ಲ, ಬಿಟ್ಟಿ ಚಾಕರಿ. ಒಂದೇ ಚಪ್ಪರದ ಕೆಳಗೆ ಎರಡು ಥರದ ದುಡಿಮೆ ಇತ್ತು. ಒಂದು ಪುಸ್ತಕಕ್ಕೆ ಬಂತು, ಇನ್ನೊಂದು ಬರಲಿಲ್ಲ. ಹಿರಿಯರು ನೆನೆಯೋ ಒಗ್ಗಟ್ಟು ಪುಸ್ತಕದಲ್ಲಿ ಹೆಸರಿದ್ದವರ ನಡುವಿನ ಒಗ್ಗಟ್ಟು. ಅದು ಸುಳ್ಳಲ್ಲ, ಆದರೆ ಊರೆಲ್ಲದ್ದೂ ಅಲ್ಲ.

ಕಾನೂನು ಒಂದೊಂದೇ ಹೆಜ್ಜೆ ಇಟ್ಟು ಬಂತು. ಸಂವಿಧಾನ 1950ರಲ್ಲೇ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರಲ್ಲಿ ಅದನ್ನು ಆಚರಿಸೋದು ಶಿಕ್ಷೆ ಆಗುವ ಅಪರಾಧ ಅಂತ ಕಾಯ್ದೆ ಬಂತು. ಹಾಗಿದ್ದರೂ ಹೋಟೆಲಿನಲ್ಲಿ ಬೇರೆ ಲೋಟ, ಬಾವಿಯಲ್ಲಿ ಬೇರೆ ಸರದಿ ಎಷ್ಟೋ ವರ್ಷ ನಡೆದೇ ಇತ್ತು, ಕೆಲವು ಕಡೆ ಈಗಲೂ ಸುದ್ದಿಯಾಗುತ್ತಲೇ ಇದೆ. ದೇವರಾಜ ಅರಸು ಕಾಲದಲ್ಲಿ ಎರಡು ದೊಡ್ಡ ಕೆಲಸ ಆದವು. 1974ರ ಭೂಸುಧಾರಣೆಯಿಂದ ಗೇಣಿದಾರರು ಉಳುತ್ತಿದ್ದ ನೆಲಕ್ಕೆ ತಾವೇ ಒಡೆಯರಾಗೋ ದಾರಿ ತೆರೆಯಿತು. ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸೋಕೆ ಹಟ ಹಿಡಿದು ನಿಂತರು. 1976ರಲ್ಲಿ ಜೀತ ರದ್ದಿನ ಕಾಯ್ದೆ ದೇಶಕ್ಕೇ ಬಂತು. ಗೇಣಿ ಕೊಡಬೇಕಾದ ಭಯ, ಸಾಲದ ಭಯ ಹೋದರೆ ಕರೆದಾಗ ಬಂದು ಚಾಕರಿ ಮಾಡೋ ಭಯವೂ ಹೋಗುತ್ತದೆ. ಪೇಟೆಗೆ ಹೋಗಿ ಕೂಲಿ ಮಾಡಿದರೆ ಸಂಜೆಗೆ ಕೈಗೆ ದುಡ್ಡು ಸಿಗುತ್ತದೆ, ಯಾರ ಹಿತ್ತಲಲ್ಲೂ ಕಾಯಬೇಕಾಗಿಲ್ಲ.

ತಿಪಟೂರಿನ ಹಿರಿಯರಿಗೆ ಬೇಸರ ತಂದ ಛತ್ರವನ್ನೇ ಇನ್ನೊಂದು ಕಡೆಯಿಂದ ನೋಡಿ. ಬಾಡಿಗೆ ಕಟ್ಟಿದವರು ಯಾರೇ ಆಗಲಿ, ಅದೇ ವೇದಿಕೆ, ಅದೇ ಪಂಕ್ತಿ. ಯಾರ ಪಕ್ಕ ಯಾರು ಕೂತರು ಅಂತ ಕೇಳೋಕೆ ಬಡಿಸೋ ಹುಡುಗನಿಗೆ ಪುರುಸೊತ್ತಿಲ್ಲ. ಇದೂ ಸಣ್ಣ ಬದಲಾವಣೆ ಅಲ್ಲ. ನನ್ನ ಪ್ರಕಾರ, ಹಳೆಯ ಕಾಲ ವಾಪಸು ಬರಲಿ ಅಂತ ಹಾರೈಸುವ ಮೊದಲು, ಅದು ಯಾರ ಮನೆ ಬಾಗಿಲಿಗೆ ಯಾವ ರೂಪದಲ್ಲಿ ಬರುತ್ತದೆ ಅಂತ ಕೇಳಿಕೊಳ್ಳಲೇಬೇಕು. ಅಜ್ಜಿಯ ಮಾತುಗಳನ್ನು ಅವರ ಬಾಯಿಂದಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ತಡ ಮಾಡಬೇಡಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಎದುರು ಮನೆಯವರ ಹೆಸರೂ ಗೊತ್ತಿಲ್ಲ. ಮೈಸೂರಿನಲ್ಲಿರೋ ಅಮ್ಮ 'ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋಗು' ಅಂತಾರೆ. ಮೆಸೇಜ್ ಮಾಡದೆ ಬೆಲ್ ಒತ್ತಿದರೆ ತಪ್ಪು ತಿಳಿಯುತ್ತಾರೇನೋ ಅಂತ ಹಿಂಜರಿಕೆ.
(ಓದುಗರು, ಬೆಂಗಳೂರು)

ಉತ್ತರ: ಹೋಗಿ. ಹಬ್ಬದ ದಿನ ಕೈಯಲ್ಲಿ ಎಳ್ಳು-ಬೆಲ್ಲ ಹಿಡಿದು ಬಂದವರನ್ನು ಯಾರೂ ತಪ್ಪು ತಿಳಿಯೋದಿಲ್ಲ.

ಆದರೆ ಎಳ್ಳು ಕೊಟ್ಟು ಬಂದರಷ್ಟೇ ಬಳಕೆ ಬೆಳೆಯೋದಿಲ್ಲ. ನಿಮ್ಮ ಅಮ್ಮನ ಕಾಲದ ವಠಾರದಲ್ಲಿ ಪಕ್ಕದ ಮನೆಗೆ ಹೋಗೋಕೆ ದಿನಕ್ಕೊಂದು ಕಾರಣ ಇತ್ತು. ಒಂದೇ ನಲ್ಲಿ. ಹೆಪ್ಪಿಗೆ ಮಜ್ಜಿಗೆ ಬೇಕು. ಫೋನು ಬೀದಿಗೊಂದೋ ಎರಡೋ, ಉಳಿದವರೆಲ್ಲ ಅದೇ ನಂಬರನ್ನು ಪಿ.ಪಿ. ಅಂತ ಬರೆದು ನೆಂಟರಿಗೆ ಕೊಡುತ್ತಿದ್ದರು. ಕರೆ ಬಂದರೆ ಆ ಮನೆಯ ಹುಡುಗ ಓಡಿ ಬಂದು ಕೂಗಬೇಕು. 1987ರಲ್ಲಿ ಟಿ.ವಿ.ಯಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದ ಮನೆಯ ನಡುಮನೆ ತುಂಬಿ ಬಾಗಿಲವರೆಗೂ ಜನ. ಆ ಮನೆಯವರಿಗೆ ಕಿರಿಕಿರಿ ಆಗುತ್ತಿರಲಿಲ್ಲ ಅಂತಲ್ಲ, ಖಂಡಿತ ಆಗುತ್ತಿತ್ತು. ಸಹಿಸಿಕೊಂಡರು, ಯಾಕೆಂದರೆ ಅವರಿಗೂ ನಾಳೆ ಇನ್ನೇನೋ ಬೇಕಾಗುತ್ತಿತ್ತು.

ಈಗ ಹಾಲೂ ಮೊಸರೂ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತವೆ. ಹಾಗಾಗಿ ನೀವು ಬೇಕಂತಲೇ ಕೇಳಬೇಕು. ಊರಿಗೆ ಹೋಗುವಾಗ ಒಂದು ಬೀಗದ ಕೈ ಅವರ ಹತ್ತಿರ ಬಿಟ್ಟು 'ತುಳಸಿಗೆ ನೀರು ಹಾಕ್ತೀರಾ?' ಅಂತ ಕೇಳಿ. ಕೊಟ್ಟವರಿಗಿಂತ ಕೇಳಿದವರು ಬೇಗ ಹತ್ತಿರ ಆಗುತ್ತಾರೆ, ಯಾಕೆಂದರೆ ಕೇಳಿದಾಗ ಎದುರಿನವರಿಗೂ ನಿಮ್ಮನ್ನು ಕೇಳೋ ಧೈರ್ಯ ಬರುತ್ತದೆ. ಅವರು ಬೇಡ ಅಂದರೆ ಬಿಡಿ. ಆ ಮಹಡಿಯಲ್ಲಿ ಇನ್ನೂ ಮನೆಗಳಿವೆ ಅಲ್ವಾ?

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ದಿನಾ ವಿಡಿಯೊ ಕಾಲ್ ಮಾಡುತ್ತಾನೆ. 'ಊಟ ಆಯ್ತಾ, ಮಳೆ ಬಂತಾ' ಆದಮೇಲೆ ಮಾತೇ ಇಲ್ಲ. ವಾರಕ್ಕೊಂದು ಕಾಗದ ಬರುತ್ತಿದ್ದಾಗಲೇ ಚೆನ್ನಾಗಿತ್ತು ಅನಿಸುತ್ತದೆ.
(ಓದುಗರು, ಸಾಗರ)

ಉತ್ತರ: ನೀಲಿ ಇನ್‌ಲ್ಯಾಂಡ್ ಕಾಗದದಲ್ಲಿ ಜಾಗ ಕಡಿಮೆ. ಅದಕ್ಕೇ ವಾರದ ಸುದ್ದಿಯನ್ನೆಲ್ಲ ಮನಸ್ಸಿನಲ್ಲಿ ಕೂಡಿಟ್ಟು, ಬೇಕಾದ್ದನ್ನಷ್ಟೇ ಆರಿಸಿ, ಕೊನೆಗೆ ಮಡಚೋ ಅಂಚಿನಲ್ಲೂ ಒಂದು ಸಾಲು ತುರುಕುತ್ತಿದ್ದೆವು. ಎಸ್‌.ಟಿ.ಡಿ. ಬೂತಿನಲ್ಲೂ ಹಾಗೆಯೇ, ಕೆಂಪು ಅಂಕಿ ಓಡುತ್ತಿದ್ದರೆ ಬೇಡದ ಮಾತು ತಾನಾಗಿ ಉದುರಿಹೋಗುತ್ತಿತ್ತು. ತಂತಿಯಂತೂ 2013ರ ಜುಲೈನಲ್ಲಿ ನಿಂತೇಹೋಯಿತು. ಆದರೂ ಕಾಗದದ ಕಾಲವೇ ಚೆನ್ನಾಗಿತ್ತು ಅನ್ನೋದನ್ನು ನಾನು ಒಪ್ಪೋದಿಲ್ಲ. ಮೊಮ್ಮಗುವಿನ ಮೊದಲ ಹೆಜ್ಜೆಯನ್ನು ಸಾಗರದಲ್ಲಿ ಕೂತು ನೋಡೋದು ಆಗಿನವರ ಕನಸಿನಲ್ಲೂ ಇರಲಿಲ್ಲ.

ದಿನಾ ಮಾತಾಡಿದರೆ ಸುದ್ದಿ ಎಲ್ಲಿಂದ ಬರಬೇಕು? ಸುದ್ದಿಯ ಬದಲು ಕೆಲಸ ಇಟ್ಟುಕೊಳ್ಳಿ. ಅಪ್ಪೆಮಿಡಿ ಬಂದಾಗ ಉಪ್ಪಿನಲ್ಲಿ ಹಾಕೋದನ್ನು ಫೋನು ಎದುರಿಗಿಟ್ಟುಕೊಂಡೇ ಮಾಡಿ, ಅವನು ಸುಮ್ಮನೆ ನೋಡಲಿ. ಅವನು ಅಲ್ಲಿ ತಂಬುಳಿ ಮಾಡಲಿ, ಒಗ್ಗರಣೆ ಸೀದರೆ ನೀವು ಇಲ್ಲಿಂದ ಹೇಳಿ. ಜಮೀನಿನ ಪಹಣಿಯನ್ನು ಅವನಿಗೇ ಆನ್‌ಲೈನ್‌ನಲ್ಲಿ ನೋಡಿ ಹೇಳೋಕೆ ಹೇಳಿ. ಮನೆಗೆ ತಾನು ಇನ್ನೂ ಬೇಕು ಅಂತ ಅವನಿಗೂ ಅನಿಸಬೇಕು. ದಿನಾ ಕಾಲ್ ಮಾಡೋ ಮಗನಿಗೆ ಅದು ಬೇಕಾಗಿಯೇ ಇರುತ್ತದೆ.

ಪ್ರಶ್ನೆ: ಉಚಿತ ಬಸ್ ಬಂದಾಗಿನಿಂದ ನಮ್ಮ ಅತ್ತೆ ಓಣಿಯ ಗೆಳತಿಯರ ಜೊತೆ ಸವದತ್ತಿ, ಬನಶಂಕರಿ ಅಂತ ಹೊರಟುಬಿಡುತ್ತಾರೆ. 'ಮೊದಲು ಹೆಂಗಸರು ಹೀಗೆ ತಿರುಗುತ್ತಿರಲಿಲ್ಲ' ಅಂತ ನಮ್ಮ ಮನೆಯವರಿಗೆ ಸಿಟ್ಟು. ನಾನು ಯಾರ ಕಡೆ ನಿಲ್ಲಲಿ?
(ಓದುಗರು, ಗದಗ)

ಉತ್ತರ: ಅತ್ತೆಯ ಕಡೆ.

ಮೊದಲು ತಿರುಗುತ್ತಿರಲಿಲ್ಲ ಅನ್ನೋದು ನಿಜ. ನಿಮ್ಮ ಸೀಮೆಯಲ್ಲಿ ಪಂಚಮಿಗೆ ಅಣ್ಣ ಕರೆಯೋಕೆ ಬಂದರೆ ತವರು, ಬರದಿದ್ದರೆ ಬಾಗಿಲು ನೋಡುತ್ತಾ ಕೂರೋದು. ಬಸ್ಸಿನ ದುಡ್ಡು ಗಂಡನ ಕೈಯಲ್ಲಿ, ಆಮೇಲೆ ಮಗನ ಕೈಯಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಮೊದಲು ತಪ್ಪಿದ್ದು ಈ ಕೇಳೋ ಕೆಲಸ. ಬಸ್ಸು ತುಂಬುತ್ತದೆ, ನಿಲ್ಲೋಕೂ ಜಾಗ ಇರೋಲ್ಲ ಅನ್ನೋ ದೂರು ನ್ಯಾಯವಾದದ್ದೇ. ಅದಕ್ಕೆ ಬಸ್ಸು ಜಾಸ್ತಿ ಬಿಡಿ ಅಂತ ಕೇಳಬೇಕು, ಹೆಂಗಸರು ಮನೆಯಲ್ಲಿರಿ ಅಂತಲ್ಲ. 1987ರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ನಡೆದಾಗ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಮೀಸಲಿತ್ತು. ಮನೆ ಬಿಟ್ಟು ಹೋಗಿ ಅವರು ಏನು ಮಾಡುತ್ತಾರೆ ಅಂತ ಆಗಲೂ ಕೇಳಿದವರಿದ್ದರು. ಈಗ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಅವರಿಗೇ ಮೀಸಲು.

ನಿಮ್ಮ ಮನೆಯವರಿಗೆ ಒಂದು ವಿಷಯ ಹೇಳಿ. ಜನ ಹೋಗಿ ಬರೋದು ನಿಂತಿದೆ ಅಂತ ಈ ಪುಟದಲ್ಲಿ ಉಳಿದವರೆಲ್ಲ ಕೊರಗುತ್ತಿದ್ದಾರೆ, ನಿಮ್ಮ ಅತ್ತೆ ಮತ್ತು ಅವರ ಗೆಳತಿಯರು ಅದನ್ನು ಮತ್ತೆ ಶುರು ಮಾಡಿದ್ದಾರೆ. ಬುತ್ತಿ ಕಟ್ಟಿಕೊಂಡು, ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರ ಚೀಲ ಇಟ್ಟುಕೊಂಡು, ಮೂರು ತಾಸು ಮಾತಾಡುತ್ತಾ ಹೋಗುತ್ತಾರೆ. ಮುಂದಿನ ಸಲ ಅವರು ಹೊರಟಾಗ ನೀವೂ ಹೋಗಿ ಬನ್ನಿ. ರಾಜಹಂಸ, ಎ.ಸಿ. ಬಸ್ಸುಗಳಲ್ಲಿ ಉಚಿತ ಇಲ್ಲ, ಸಾಮಾನ್ಯ ಬಸ್ಸು ಇಲ್ಲವೇ ಎಕ್ಸ್‌ಪ್ರೆಸ್ ಹತ್ತಿ. ಆಧಾರ್ ಕಾರ್ಡ್ ಇಟ್ಟುಕೊಳ್ಳೋದು ಮರೆಯಬೇಡಿ.