ಟರ್ಫ್ ಬದಲಿಸಬೇಕೇ, ರಿಪೇರಿ ಸಾಕೇ? ಮೈದಾನ ನಡೆಸುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು 100 ಅಡಿ ಉದ್ದ, 60 ಅಡಿ ಅಗಲದ ಕೃತಕ ಹುಲ್ಲಿನ ಟರ್ಫ್. ಹಗಲು ಬಾಕ್ಸ್ ಕ್ರಿಕೆಟ್, ಸಂಜೆ ಫುಟ್‌ಬಾಲ್. 50 ಮಿ.ಮೀ. ಹುಲ್ಲು ಹಾಕಿಸಿ ನಾಲ್ಕೂವರೆ ವರ್ಷವಾಯಿತು, ವಾರಂಟಿ ಐದು ವರ್ಷ. ನೆಲ ಗಟ್ಟಿ, ಬಾಲ್ ವಿಪರೀತ ಪುಟಿಯುತ್ತದೆ, ಕಾಲು ಜಾರುತ್ತದೆ ಎಂದು ಆಡುವವರ ದೂರು. ಪೂರ್ತಿ ಕಿತ್ತು ಹೊಸದು ಹಾಕಿಸಿ ಎನ್ನುತ್ತಾರೆ ಕಾಂಟ್ರಾಕ್ಟರ್. ಏನು ಮಾಡಲಿ?
ಯಲಹಂಕದ ಓದುಗರು

ಉತ್ತರ: ನೀವು ಹೇಳಿದ ಮೂರು ದೂರುಗಳಿಗೂ ಸಾಮಾನ್ಯವಾಗಿ ಕಾರಣ ಹುಲ್ಲಲ್ಲ, ಅದರ ನಡುವೆ ತುಂಬಿದ ಮರಳು ಮತ್ತು ರಬ್ಬರ್ ಕಾಳು, ಅಂದರೆ ಇನ್‌ಫಿಲ್. ಅದು ಶೂಗೆ ಅಂಟಿಕೊಂಡು ಹೊರಹೋಗಿ ಕಡಿಮೆಯಾಗುತ್ತದೆ, ಉಳಿದದ್ದು ದೂಳು ಸೇರಿ ಗಟ್ಟಿಯಾಗುತ್ತದೆ, ಆಸರೆಯಿಲ್ಲದ ಎಳೆಗಳು ಒಂದೇ ಕಡೆಗೆ ಮಲಗಿ ಕಾಲು ಜಾರುತ್ತದೆ. ಇದಕ್ಕೆಲ್ಲ ರಿಪೇರಿ ಇದೆ. ಟರ್ಫ್ ಬದಲಿಸಲೇಬೇಕಾಗುವುದು ಎಳೆ ಸವೆದು ಹೋದಾಗ, ಇಲ್ಲವೇ ಎಳೆಯನ್ನು ಹಿಡಿದಿರುವ ಬ್ಯಾಕಿಂಗ್ ಕೈಕೊಟ್ಟಾಗ. ಹಣ ಕೊಡುವ ಮೊದಲು ಒಂದು ಬೆಳಿಗ್ಗೆ ಸ್ಲಾಟ್ ನಿಲ್ಲಿಸಿ ಇವೆರಡನ್ನೂ ನೀವೇ ಪರೀಕ್ಷಿಸಿ.

ವರ್ಷದ ಲೆಕ್ಕವನ್ನು ಬದಿಗಿಡಿ. ದಿನಕ್ಕೆ 14 ಗಂಟೆ ಓಡುವ ಮೈದಾನ ನಾಲ್ಕೂವರೆ ವರ್ಷದಲ್ಲಿ 22,000 ಗಂಟೆ ದಾಟುತ್ತದೆ. ದಿನಕ್ಕೆ 3 ಗಂಟೆ, ವರ್ಷಕ್ಕೆ 220 ದಿನ ಮಕ್ಕಳು ಆಡುವ ಶಾಲೆಯ ಟರ್ಫ್ 20 ವರ್ಷಕ್ಕೂ ಅಷ್ಟು ಆಟ ಕಾಣುವುದಿಲ್ಲ. ಅಲ್ಲಿ ಹುಲ್ಲನ್ನು ತಿನ್ನುವುದು ಬಿಸಿಲು, ನಿಮ್ಮಲ್ಲಿ ಶೂ.

ಮೊದಲು ಎಳೆಯ ಉದ್ದ ನೋಡಿ. ನೆಟ್ ಪಕ್ಕದಲ್ಲಿ ಯಾರೂ ಕಾಲಿಡದ ಮೂಲೆಯೊಂದು ಇದ್ದೇ ಇರುತ್ತದೆ, ಅದೇ ನಿಮ್ಮ ಅಳತೆಗೋಲು. ಅಲ್ಲಿ ಇನ್‌ಫಿಲ್ ಸರಿಸಿ, ಎಳೆಯನ್ನು ನೇರ ಮಾಡಿ, ಸ್ಟೀಲ್ ಸ್ಕೇಲನ್ನು ಬ್ಯಾಕಿಂಗ್‌ಗೆ ಮುಟ್ಟಿಸಿ ಉದ್ದ ಬರೆದುಕೊಳ್ಳಿ. ಆಮೇಲೆ ಎರಡೂ ಗೋಲ್ ಮುಂದೆ, ಬ್ಯಾಟಿಂಗ್ ಮತ್ತು ಬೌಲಿಂಗ್ ಕ್ರೀಸ್‌ನಲ್ಲಿ, ನಡುಭಾಗದಲ್ಲಿ, ಗೇಟಿನ ಬಳಿ, ಹೀಗೆ ಹತ್ತು ಕಡೆ ಅಳೆಯಿರಿ. ಮೂಲೆಯಲ್ಲಿ 48 ಮಿ.ಮೀ., ಉಳಿದೆಡೆ 42–44 ಬಂದರೆ ಟರ್ಫ್‌ಗೆ ಇನ್ನೂ ಬಾಳಿಕೆ ಇದೆ. ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ 30ರ ಆಸುಪಾಸಿಗೆ ಇಳಿದಿದ್ದರೆ ಇನ್‌ಫಿಲ್ ತುಂಬಿಸಿಯೂ ಫಲವಿಲ್ಲ, ಅದನ್ನು ಹಿಡಿದಿಡಲು ಎಳೆಯೇ ಇರುವುದಿಲ್ಲ.

ಎರಡನೆಯದು ಬಿಸಿಲಿನ ಹೊಡೆತ. ಒಂದು ಹಿಡಿ ಎಳೆಯನ್ನು ಬೆರಳುಗಳ ನಡುವೆ ಜೋರಾಗಿ ಉಜ್ಜಿ. ಕೈಗೆ ಹಸಿರು ಪುಡಿ ಹತ್ತಿದರೆ ಅಥವಾ ಮಡಚಿದ ಎಳೆ ಪಟ್ಟನೆ ಮುರಿದರೆ ಪ್ಲಾಸ್ಟಿಕ್ ಸತ್ತಿದೆ ಎಂದೇ ಅರ್ಥ. ಆಡದ ಮೂಲೆಯಲ್ಲೂ ಹೀಗೇ ಆದರೆ ಅದು ಮಾಲಿನ ದೋಷ, ಸವೆತವಲ್ಲ. ಟರ್ಫ್ ವಾರಂಟಿಗಳು ಸಾಮಾನ್ಯವಾಗಿ ಬಣ್ಣ ಮಾಸುವುದಕ್ಕೂ ಬಿಸಿಲಿಗೆ ಎಳೆ ಪುಡಿಯಾಗುವುದಕ್ಕೂ ಅನ್ವಯಿಸುತ್ತವೆ, ಸವೆತಕ್ಕಲ್ಲ. ನಿಮಗಿನ್ನೂ ಆರು ತಿಂಗಳು ಬಾಕಿ ಇದೆ. ಫೋಟೊ ಸಹಿತ ಲಿಖಿತ ದೂರನ್ನು ಈಗಲೇ ಕೊಡಿ. ವಾರಂಟಿ ಇರುವಾಗಲೇ ಹೊಸದಕ್ಕೆ ಕೊಟೇಶನ್ ಕೊಡುವ ಕಾಂಟ್ರಾಕ್ಟರ್‌ಗೆ ಈ ವಿಷಯ ಗೊತ್ತಿಲ್ಲದೆ ಇರದು.

ಮೂರನೆಯದು ಬ್ಯಾಕಿಂಗ್. ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಇಕ್ಕಳ ಕಟ್ಟಿ ಎಳೆಗಳ ಒಂದು ಗೊಂಚಲನ್ನು ಹಿಡಿದು ನೇರ ಮೇಲಕ್ಕೆ ಎಳೆಯಿರಿ. 3 ಕಿಲೊ ಎಳೆತದೊಳಗೇ ಗೊಂಚಲು ಬುಡಸಹಿತ ಕಿತ್ತು ಬರಬಾರದು. ಹಲವು ಕಡೆ ಬಂದರೆ, ಅಂಚನ್ನು ಮಡಚಿ ನೋಡಿದಾಗ ಹಿಂಬದಿಯ ಲೇಟೆಕ್ಸ್ ಪದರ ಒಡೆದು ಉದುರುತ್ತಿದ್ದರೆ, ಬದಲಿಸುವುದೇ ಸರಿ.

ಪುಟಿತವನ್ನೂ ಅಳೆಯಬಹುದು. ಕಾಂಕ್ರೀಟ್ ಮೇಲೆ 2 ಮೀಟರ್ ಎತ್ತರದಿಂದ ಬಿಟ್ಟಾಗ ಸುಮಾರು 1.35 ಮೀಟರ್ ಪುಟಿಯುವಂತೆ ಫುಟ್‌ಬಾಲ್‌ಗೆ ಗಾಳಿ ತುಂಬಿ. ಅದೇ ಬಾಲನ್ನು ಟರ್ಫ್ ಮೇಲೆ ಅಷ್ಟೇ ಎತ್ತರದಿಂದ ಬಿಟ್ಟು, ಪಕ್ಕದ ಕಂಬಕ್ಕೆ ಅಳತೆ ಟೇಪ್ ಅಂಟಿಸಿ, ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿ. ಬಾಲಿನ ತಳ ಎಲ್ಲಿಯವರೆಗೆ ಏರಿತು ಎಂದು ನೋಡಿ. ಸಾಮಾನ್ಯ ಬಳಕೆಯ ಮೈದಾನಕ್ಕೆ ಫಿಫಾ ಒಪ್ಪುವ ಮಿತಿ 0.6ರಿಂದ 1 ಮೀಟರ್. ಅದಕ್ಕಿಂತ ಹೆಚ್ಚು ಪುಟಿದರೂ ಎಳೆ ಗಟ್ಟಿಯಿದ್ದರೆ, ಕೆಲಸ ಇರುವುದು ಇನ್‌ಫಿಲ್‌ನಲ್ಲಿ.

ಆ ಕೆಲಸ ಹೀಗೆ. ಮಳೆಯಿಲ್ಲದ, ಟರ್ಫ್ ಪೂರ್ತಿ ಒಣಗಿದ ದಿನ ಆರಿಸಿಕೊಳ್ಳಿ. ಕಸ ತೆಗೆದು, ಗಡುಸು ನೈಲಾನ್ ಬ್ರಷ್‌ನಿಂದ ಎಳೆ ಮಲಗಿರುವ ದಿಕ್ಕಿಗೆ ವಿರುದ್ಧವಾಗಿ ಉಜ್ಜಿ ಎಬ್ಬಿಸಿ. ತಂತಿ ಬ್ರಷ್ ಬೇಡ, ಎಳೆ ಸೀಳುತ್ತದೆ. ಮೇಲಿನ 10–15 ಮಿ.ಮೀ. ಇನ್‌ಫಿಲ್ ಸಡಿಲಿಸಿ, ದೂಳು ಹೊರತೆಗೆದು, ಎಳೆಯ ತುದಿ 15–20 ಮಿ.ಮೀ. ಮಾತ್ರ ಕಾಣುವಷ್ಟು ರಬ್ಬರ್ ಕಾಳು ತುಂಬಿ. ನಿಮ್ಮದು 557 ಚದರ ಮೀಟರ್. ಸರಾಸರಿ 5 ಮಿ.ಮೀ. ಕೊರತೆಯಿದ್ದರೆ ಸುಮಾರು 1,300 ಕಿಲೊ, ಅಂದರೆ 25 ಕಿಲೊದ 52 ಚೀಲ ಬೇಕು. ಒಮ್ಮೆಲೇ ಸುರಿಯದೆ ಮೂರು ಸಲ ತೆಳುವಾಗಿ ಹರಡಿ, ಪ್ರತಿ ಸಲ ಬ್ರಷ್ ಹೊಡೆಯಿರಿ. ತಳದ ಮರಳೂ ಕಡಿಮೆಯಿದ್ದರೆ ದುಂಡು ಕಾಳಿನ, ತೊಳೆದ ಸಿಲಿಕಾ ಮರಳನ್ನೇ ತರಿಸಿ. ಅಗ್ಗವೆಂದು ಎಂ-ಸ್ಯಾಂಡ್ ಹಾಕಿದರೆ ಅದರ ಚೂಪು ಅಂಚು ಎಳೆಯನ್ನು ಬುಡದಲ್ಲೇ ಕತ್ತರಿಸುತ್ತದೆ, ಪುಡಿ ನೀರಿನ ರಂಧ್ರ ಮುಚ್ಚುತ್ತದೆ. ನಾಲ್ಕೇ ವರ್ಷದಲ್ಲಿ ಹೋದ ಎಷ್ಟೋ ಟರ್ಫ್‌ಗಳ ಹಿಂದೆ ಈ ಉಳಿತಾಯವಿದೆ.

ಪ್ರಶ್ನೆ: ಮಳೆ ನಿಂತು ಎರಡು ಗಂಟೆಯಾದರೂ ಟರ್ಫ್ ಮೇಲೆ ನೀರು ನಿಂತಿರುತ್ತದೆ. ಎರಡು ಕಡೆ ಜಾಯಿಂಟ್ ಬಿಟ್ಟಿದೆ. ಮುಂದಿನ ಮಳೆಗಾಲದೊಳಗೆ ಬದಲಿಸಬೇಕೇ?
ಮಂಗಳೂರಿನ ಓದುಗರು

ಉತ್ತರ: ನೀರು ಎಲ್ಲಿ ನಿಲ್ಲುತ್ತಿದೆ ಎಂದು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನೀರು ನಿಲ್ಲುವ ಜಾಗದ ಹತ್ತಿರದ ಅಂಚನ್ನು ಬಿಚ್ಚಿ, ಟರ್ಫನ್ನು ಮೂರು ನಾಲ್ಕು ಅಡಿ ಮಡಚಿ. ಕೆಳಗೆ ಒಣಗಿದ್ದು ಮೇಲೆ ಮಾತ್ರ ನೀರಿದ್ದರೆ ಬ್ಯಾಕಿಂಗ್‌ನ ರಂಧ್ರಗಳು ಕಟ್ಟಿವೆ: ಇನ್‌ಫಿಲ್ ಎತ್ತಿ, ರಂಧ್ರ ಬಿಡಿಸಿ, ಪಾಚಿ ತೆಗೆದರೆ ಮುಗಿಯಿತು. ಕೆಳಗೂ ನೀರಿದ್ದರೆ ತಳ ಕುಸಿದಿದೆ ಅಥವಾ ಇಳಿಜಾರು ಸಾಲದು. ಅಂಥ ತಳದ ಮೇಲೆ ಹೊಸ ಟರ್ಫ್ ಹಾಸಿದರೂ ಮೊದಲ ಜೋರು ಮಳೆಗೆ ಅದೇ ಕೆರೆ ಮತ್ತೆ ಕಾಣುತ್ತದೆ. ಕಾಂಕ್ರೀಟ್ ತಳದಲ್ಲಿ ನೀರು ಇಂಗುವುದಿಲ್ಲ, ಹರಿದೇ ಹೋಗಬೇಕು. ಕರಾವಳಿಯ ಮಳೆಗೆ ಶೇ 1ರಷ್ಟಾದರೂ ಇಳಿಜಾರು ಬೇಕು. 60 ಅಡಿ ಅಗಲದ ಮೈದಾನದಲ್ಲಿ ನಡುವಿನಿಂದ ಎರಡೂ ಬದಿಗೆ ಇಳಿಸಿದರೆ ಅಂಚಿನಲ್ಲಿ ಸುಮಾರು ಮೂರೂವರೆ ಇಂಚು ತಗ್ಗಿರಬೇಕು. ದಾರ ಕಟ್ಟಿ ನೋಡಿದರೆ ಗೊತ್ತಾಗುತ್ತದೆ.

ಜಾಯಿಂಟ್ ಬಿಟ್ಟದ್ದು ಬದಲಿಸಲು ಕಾರಣವಲ್ಲ, ಆದರೆ ಬೂಟು ಸಿಕ್ಕಿ ಮಂಡಿ ತಿರುಚುವ ಜಾಗ ಅದೇ, ಹಾಗಾಗಿ ಅಲ್ಲಿ ಇಂದೇ ಆಟ ನಿಲ್ಲಿಸಿ. ಎರಡೂ ಕಡೆ ಅರ್ಧ ಅಡಿ ಇನ್‌ಫಿಲ್ ತೆಗೆದು, ಅಂಚು ಮಡಚಿ, ಹಳೆಯ ಗೋಂದು ಕೆರೆದು ತೆಗೆಯಿರಿ. 30 ಸೆಂ.ಮೀ. ಅಗಲದ ಹೊಸ ಟೇಪ್ ಹಾಸಿ, ಎರಡು ಭಾಗ ಬೆರೆಸುವ ಪಿ.ಯು. (ಪಾಲಿಯುರೆಥೇನ್) ಗೋಂದು ಬಳಿದು, ಅಂಚುಗಳ ನಡುವೆ ಎಳೆ ಸಿಕ್ಕಿಕೊಳ್ಳದಂತೆ ಕೂಡಿಸಿ, ಮೇಲೆ ಮರಳಿನ ಚೀಲ ಇಟ್ಟು ಒಂದು ದಿನ ಬಿಡಿ. ತೇವವಿದ್ದರೆ ಪಿ.ಯು. ಗೋಂದು ನೊರೆಯಾಗಿ ಉಬ್ಬುತ್ತದೆ, ಹಿಡಿಯುವುದಿಲ್ಲ. ಮಳೆಗಾಲದ ನಡುವೆ ಅವಸರದಲ್ಲಿ ಮಾಡಿದ ಜಾಯಿಂಟ್ ಬೇಗ ಬಿಡಲು ಬಹುಪಾಲು ಇದೇ ಕಾರಣ.

ಪ್ರಶ್ನೆ: ಉಳಿದೆಲ್ಲ ಚೆನ್ನಾಗಿದೆ, ಕ್ರೀಸ್ ಇರುವಲ್ಲಿ ಮಾತ್ರ ಬೋಳಾಗಿದೆ.
ಹುಬ್ಬಳ್ಳಿಯ ಓದುಗರು

ಉತ್ತರ: ಅಷ್ಟನ್ನೇ ಆಯತಾಕಾರದಲ್ಲಿ ಕತ್ತರಿಸಿ ತೇಪೆ ಹಾಕಿ. ತೇಪೆಯ ಹುಲ್ಲು ಒರಗುವ ದಿಕ್ಕು ಸುತ್ತಲಿನದಕ್ಕೆ ಹೊಂದಲಿ. ಹೊಸ ಎಳೆ ಎತ್ತರವಾಗಿ ನಿಂತು ಕಾಲು ಎಡವಿಸಬಹುದು, ಅಲ್ಲಿ ಇನ್‌ಫಿಲ್ ತುಸು ಹೆಚ್ಚು ತುಂಬಿ ಮಟ್ಟ ಮಾಡಿ. ಇನ್ನು ಮುಂದೆ ಬೌಲರ್ ಕಾಲಿಡುವಲ್ಲಿ ಕ್ರಿಕೆಟ್ ಮ್ಯಾಟ್ ಹಾಸುವುದು ಒಳ್ಳೆಯದು. ಒಂದೇ ಕಡೆ ಮೂರು ನಾಲ್ಕು ಸಲ ತೇಪೆ ಹಾಕುವ ಪ್ರಸಂಗ ಬಂದರೆ ಮಾತ್ರ ಪೂರ್ತಿ ಬದಲಿಸುವ ಲೆಕ್ಕ ಹಾಕಿ.

ಪ್ರಶ್ನೆ: ನಮ್ಮ ಹೋಟೆಲ್ ಅಂಗಳದ ಟರ್ಫ್ ಹಾಕಿಸಿ ವರ್ಷವಾಗಿಲ್ಲ, ಒಂದು ಪಟ್ಟಿಯಲ್ಲಿ ಸುಟ್ಟಂತೆ ಮುದುಡಿದೆ. ಸಿಗರೇಟಿನದಲ್ಲ.
ಮೈಸೂರಿನ ಓದುಗರು

ಉತ್ತರ: ಎದುರಿಗೆ ಪ್ರತಿಫಲಿಸುವ ದೊಡ್ಡ ಗಾಜು ಇದೆಯೇ ನೋಡಿ. ಅದರಿಂದ ಬಿದ್ದ ಬಿಸಿಲು ಒಂದೆಡೆ ಕೂಡಿ ಪಾಲಿಎಥಿಲೀನ್ ಎಳೆಯನ್ನು ಕರಗಿಸುತ್ತದೆ. ಮೊದಲು ಗಾಜಿಗೆ ನೆರಳು ಅಥವಾ ಹೊರಬದಿಗೆ ಜಾಲರಿ ಕಟ್ಟಿಸಿ, ಆಮೇಲೆ ಆ ಪಟ್ಟಿಯನ್ನಷ್ಟೇ ಬದಲಿಸಿ.

ಪ್ರಶ್ನೆ: ಬದಲಿಸುವುದು ಖಚಿತವಾಗಿದೆ. ಹಳೆಯದನ್ನು ಏನು ಮಾಡಲಿ, ಹೊಸದಕ್ಕೆ ಏನು ಕೇಳಲಿ?
ದಾವಣಗೆರೆಯ ಓದುಗರು

ಉತ್ತರ: 6,000 ಚದರ ಅಡಿ ಟರ್ಫ್‌ನಲ್ಲಿ ಚದರ ಮೀಟರ್‌ಗೆ 25 ಕಿಲೊ ಇನ್‌ಫಿಲ್ ಇದ್ದರೆ ಅದೇ ಸುಮಾರು 14 ಟನ್. ಕೀಳುವ, ಸಾಗಿಸುವ ಖರ್ಚು ಯಾರದು ಎಂದು ಕರಾರಿನಲ್ಲೇ ಬರೆಸಿ. ಹಾಗೆ ಬರೆಸದಿದ್ದರೆ ಸುರುಳಿಗಳು ನಿಮ್ಮ ಗೇಟಿನ ಮುಂದೆಯೇ ಬಿದ್ದಿರುತ್ತವೆ. ಇನ್‌ಫಿಲ್ ಒಣಗಿದ್ದರೆ ಜರಡಿ ಹಿಡಿದು ದೂಳು ತೆಗೆದು ಮತ್ತೆ ಬಳಸಬಹುದು. ಹುಲ್ಲನ್ನು ಸುಡಬೇಡಿ, ಹೊಗೆ ವಿಷ, ಕಾನೂನಿನ ತಕರಾರೂ ಬರುತ್ತದೆ. ಕಡಿಮೆ ಸವೆದ ಅಂಚಿನ ತುಂಡುಗಳನ್ನು ಪ್ರಾಕ್ಟೀಸ್ ನೆಟ್‌ನ ಬದಿಗೆ ಹಾಕಲು ಕೊಳ್ಳುವವರಿದ್ದಾರೆ.

ಹೊಸದರ ಕೊಟೇಶನ್‌ನಲ್ಲಿ ಎಳೆಯ ಎತ್ತರ ಒಂದನ್ನೇ ಬರೆದಿದ್ದರೆ ವಾಪಸ್ ಕಳಿಸಿ. ಎಳೆಯ ಡಿಟೆಕ್ಸ್ (10 ಕಿ.ಮೀ. ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ), ಚದರ ಮೀಟರ್‌ಗೆ ಎಷ್ಟು ಗೊಂಚಲು, ಎಳೆಯ ತೂಕ ಮತ್ತು ಬ್ಯಾಕಿಂಗ್ ತೂಕ ಬೇರೆ ಬೇರೆಯಾಗಿ, ಮರಳು ಎಷ್ಟು ಕಿಲೊ, ರಬ್ಬರ್ ಎಷ್ಟು ಕಿಲೊ, ಇಷ್ಟೂ ಇರಲಿ. ಒಟ್ಟು ತೂಕ ಮಾತ್ರ ಹೇಳಿದರೆ ಭಾರದ ಬ್ಯಾಕಿಂಗ್ ಹಾಕಿ ತೆಳು ಹುಲ್ಲು ಕೊಡುವುದು ಸುಲಭ. ಅದೇ ಬ್ಯಾಚ್‌ನ ಹತ್ತು ಚದರ ಮೀಟರ್ ಹೆಚ್ಚು ತರಿಸಿ, ಸುತ್ತಿ ನೆರಳಿನಲ್ಲಿಡಿ. ಎರಡು ವರ್ಷದ ನಂತರ ತೇಪೆ ಹಾಕಲು ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದು ಕಷ್ಟ.