52ನೆಯವನ ಪರವಾಗಿ

ಬ್ಯಾಡಗಿಯಿಂದ ಬಂದ ಪತ್ರವೊಂದು ಒಂದು ವಾರದಿಂದ ನನ್ನ ಮೇಜಿನ ಮೇಲಿದೆ. ಬರೆದವರು ಮೆಣಸಿನಕಾಯಿ ವ್ಯಾಪಾರಿಗಳು, ನಮ್ಮ ಹಳೆಯ ಚಂದಾದಾರರು. ಪತ್ರದ ಮುಖ್ಯ ಭಾಗ ಹೀಗಿದೆ:

“ಹೋದ ಸಂಚಿಕೆಯಲ್ಲಿ ಸತ್ನಾಮ್ ಸಿಂಗ್ ಅನ್ನುವ ಬಾಸ್ಕೆಟ್‌ಬಾಲ್ ಆಟಗಾರನ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದ ತಂಡ ಅವನನ್ನು ಆರಿಸಿತು, ನಿಜ. ಆದರೆ ಅಲ್ಲಿ ಅವನು ಒಂದು ಮ್ಯಾಚೂ ಆಡಲಿಲ್ಲ. ಆಮೇಲೆ ನಿಷೇಧ, ಆಮೇಲೆ ಟಿವಿ ಕುಸ್ತಿ. ಸೋತವನ ಕಥೆಗೆ ನಾಲ್ಕು ಪುಟ ಯಾಕೆ? ನನ್ನ ಮಗಳು ಒಂಬತ್ತನೇ ಕ್ಲಾಸು. ಗಣಿತದಲ್ಲಿ 91 ಬಂದಿದೆ, ವಿಜ್ಞಾನದಲ್ಲಿ 88. ನಿಮ್ಮ ಲೇಖನ ಓದಿ, ಬಾಸ್ಕೆಟ್‌ಬಾಲ್ ಆಡುವುದನ್ನೇ ಕೆಲಸ ಮಾಡಿಕೊಳ್ಳುತ್ತೇನೆ ಅನ್ನುತ್ತಿದ್ದಾಳೆ. ಮಕ್ಕಳ ತಲೆ ಕೆಡಿಸುವ ಮೊದಲು ಸ್ವಲ್ಪ ಯೋಚನೆ ಮಾಡಿ.”

ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಆಟ ನಂಬಿ ಓದು ಬಿಡಬಾರದು. ಮೊಣಕಾಲು ಒಂದು ಸಲ ತಿರುಚಿದರೆ ಒಂದು ವರ್ಷವೇ ಕೈಬಿಟ್ಟು ಹೋಗಬಹುದು. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಸತ್ನಾಮ್‌ಗೆ 2020ರಲ್ಲಿ ಎರಡು ವರ್ಷದ ನಿಷೇಧವಾಯಿತು. ಅದನ್ನು ನಾವು ಮುಚ್ಚಿಡಲಿಲ್ಲ, ಈಗಲೂ ಮುಚ್ಚಿಡುವುದಿಲ್ಲ. ಹೆಣ್ಣುಮಗಳ ಅಪ್ಪನಿಗೆ ಇದೆಲ್ಲ ನೋಡಿ ದಿಗಿಲಾಗುವುದು ಸಹಜ.

ಆದರೆ “ಸೋತವನು” ಅನ್ನುವ ಮಾತು ಓದಿ ನನಗೆ ನಿಜಕ್ಕೂ ನೋವಾಯಿತು. ಅದಕ್ಕೇ ಈ ಉತ್ತರ ಉದ್ದವಾಗುತ್ತಿದೆ.

ಪಂಜಾಬಿನ ಬರ್ನಾಲಾ ಜಿಲ್ಲೆಯಲ್ಲಿ ಬಲ್ಲೋ ಕೆ ಅಂತ ಒಂದು ಸಣ್ಣ ಊರು. ಸತ್ನಾಮ್ ಅಲ್ಲಿಯವರು. ಅಪ್ಪ ರೈತರು, ಹಿಟ್ಟಿನ ಗಿರಣಿಯೂ ಇತ್ತು. ಅಪ್ಪನದೂ ಏಳಡಿ ಎತ್ತರ. ಅವರಿಗೂ ಒಂದು ಕಾಲದಲ್ಲಿ ಬಾಸ್ಕೆಟ್‌ಬಾಲ್ ಆಡುವ ಆಸೆ ಇತ್ತು. ಮನೆಯವರು ಬೇಡ ಅಂದರು, ಹೊಲ ನೋಡಿಕೋ ಅಂದರು. ಅವರು ಹೊಲ ನೋಡಿಕೊಂಡರು. ಮಗನ ಸರದಿ ಬಂದಾಗ ಮಾತ್ರ ಬೇಡ ಅನ್ನಲಿಲ್ಲ, ಲೂಧಿಯಾನದ ಅಕಾಡೆಮಿಗೆ ಕಳಿಸಿದರು. 2010ರಲ್ಲಿ, 14ನೇ ವಯಸ್ಸಿನಲ್ಲಿ, ಹುಡುಗ ಸ್ಕಾಲರ್‌ಶಿಪ್ ಮೇಲೆ ಫ್ಲಾರಿಡಾಕ್ಕೆ ಹೋದ. ಇಂಗ್ಲಿಷ್ ಬರುತ್ತಿರಲಿಲ್ಲ. ಎನ್‌ಬಿಎ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಎರಡು ಸುತ್ತಿನಲ್ಲಿ ಹೊಸ ಆಟಗಾರರನ್ನು ಆರಿಸುತ್ತವೆ, ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2015ರ ಜೂನ್‌ನ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ ಅವರ ಹೆಸರು ಕೂಗಿತು. ಆ ವರ್ಷ ಆರಿಸಿದ 60 ಜನರಲ್ಲಿ ಅವರು 52ನೆಯವರು. ಭಾರತದಲ್ಲಿ ಹುಟ್ಟಿದವರಲ್ಲಿ ಅಲ್ಲಿಯವರೆಗೆ ಯಾರ ಹೆಸರನ್ನೂ ಆ ವೇದಿಕೆಯಲ್ಲಿ ಕೂಗಿರಲಿಲ್ಲ.

52 ಅಂದರೆ ಏನು? ಎನ್‌ಬಿಎದಲ್ಲಿ 30 ತಂಡ. ತಂಡಕ್ಕೆ 15 ಜನರಂತೆ ಲೆಕ್ಕ ಹಾಕಿದರೆ ಸುಮಾರು 450 ಕುರ್ಚಿ. ಇಡೀ ಜಗತ್ತಿಗೆ ಅಷ್ಟೇ. ಮೊದಲ ಸುತ್ತಿನಲ್ಲಿ ಹೆಸರು ಬಂದವರಿಗೆ ಖಾತ್ರಿ ಒಪ್ಪಂದ ಸಿಗುತ್ತದೆ. ಎರಡನೇ ಸುತ್ತಿನವರಿಗೆ ಆ ಖಾತ್ರಿ ಇಲ್ಲ. 52ನೆಯವರಿಗೆ ಬಾಗಿಲು ತೆರೆದಿರುತ್ತದೆ, ಕುರ್ಚಿ ಇಟ್ಟಿರುವುದಿಲ್ಲ. ಅಂಥ ಎಷ್ಟೋ ಜನ ಎನ್‌ಬಿಎದ ಕೆಳಗಿನ ಲೀಗ್‌ನಲ್ಲಿ ಆಡುತ್ತಾರೆ. ಸತ್ನಾಮ್ ಅಲ್ಲಿ ಟೆಕ್ಸಸ್ ಲೆಜೆಂಡ್ಸ್ ಪರವಾಗಿ ಎರಡು ಸೀಸನ್ ಕಳೆದರು. ಆಮೇಲೆ ಕೆನಡಾದ ಲೀಗ್, ನಡುವೆ ಭಾರತ ತಂಡ. ಒಂದು ವರ್ಷ ಈ ಊರು, ಮುಂದಿನ ವರ್ಷ ಇನ್ನೊಂದು ದೇಶ. ಬಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆಯುವ ಬಹುಪಾಲು ಜನರ ಬದುಕು ಹೀಗೇ ಇರುತ್ತದೆ. ನಾವು ಟಿವಿಯಲ್ಲಿ ನೋಡುವ ನಾಲ್ಕು ಮುಖಗಳನ್ನೇ ಇಡೀ ಕಸುಬು ಅಂದುಕೊಂಡಿದ್ದೇವೆ.

ನೀವು ದಿನಾ ಕೂರುವ ಪೇಟೆಯನ್ನೇ ನೋಡಿ. ಡಬ್ಬಿ ತಳಿಯ ಮೆಣಸಿನಕಾಯಿಗೆ ಒಂದು ರೇಟು, ಕಡ್ಡಿ ತಳಿಗೆ ಒಂದು ರೇಟು. ಡಬ್ಬಿ ಅಲ್ಲ ಅಂತ ಯಾರಾದರೂ ಚೀಲವನ್ನು ರಸ್ತೆಗೆ ಸುರಿಯುತ್ತಾರಾ? ಮಾಲು ನೋಡಿ ಬೆಲೆ ಕಟ್ಟುವ ಕೈ ನಿಮ್ಮದು. ಆಟಗಾರರ ವಿಷಯಕ್ಕೆ ಬಂದಾಗ ಆ ಕೈ ಯಾಕೆ ಹಿಂದೆ ಸರಿಯುತ್ತದೆ?

ಯುಡೋನಿಸ್ ಹ್ಯಾಸ್ಲೆಮ್ ಅಂತ ಒಬ್ಬರಿದ್ದಾರೆ. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. 2002ರಲ್ಲಿ ಅವರನ್ನು ಯಾವ ತಂಡವೂ ಆರಿಸಲಿಲ್ಲ. 52ನೆಯವರೂ ಅಲ್ಲ, 58ನೆಯವರೂ ಅಲ್ಲ, ಪಟ್ಟಿಯಲ್ಲೇ ಇಲ್ಲ. ಫ್ರಾನ್ಸಿನ ಒಂದು ಊರಿಗೆ ಹೋಗಿ ಒಂದು ವರ್ಷ ಆಡಿದರು. 20 ಕಿಲೋಗಿಂತ ಜಾಸ್ತಿ ತೂಕ ಇಳಿಸಿದರು. 2003ರಲ್ಲಿ ತಮ್ಮದೇ ಊರಾದ ಮಯಾಮಿಯ ತಂಡ ಕರೆಯಿತು. ಅಲ್ಲಿಂದ 2023ರವರೆಗೆ, 20 ಸೀಸನ್, ಅದೇ ತಂಡ. ಮೂರು ಸಲ ಚಾಂಪಿಯನ್. ಕೊನೆಯ ವರ್ಷಗಳಲ್ಲಿ ಅವರು ಅಂಕಣಕ್ಕೆ ಇಳಿದದ್ದು ಬಹಳ ಅಪರೂಪ. ಆದರೂ ತಂಡ ಅವರನ್ನು ಬಿಡಲಿಲ್ಲ. ಬೆಂಚಿನ ಮೇಲೆ ಕೂತು ಹುಡುಗರನ್ನು ತಿದ್ದುವುದು, ಪ್ರಾಕ್ಟೀಸ್‌ನಲ್ಲಿ ಅವರ ಬೆವರು ಇಳಿಸುವುದು, ಅದೂ ಆಟವೇ ಅಂತ ತಂಡಕ್ಕೆ ಗೊತ್ತಿತ್ತು. ಅವರ 40ನೇ ನಂಬರಿನ ಜರ್ಸಿಯನ್ನು ಮಯಾಮಿಯಲ್ಲಿ ಈಗ ಬೇರೆ ಯಾರಿಗೂ ಕೊಡುವುದಿಲ್ಲ. ನಾನು ಈ ಆಟದ ಬಗ್ಗೆ ಓದಿದ್ದರಲ್ಲಿ ನನಗೆ ತುಂಬಾ ಇಷ್ಟವಾದ ಬದುಕು ಇದು.

ಮಗಳು ಕುಳ್ಳಗಿದ್ದಾಳೆ ಅಂತ ಯಾರಾದರೂ ಹೆದರಿಸಿದರೆ ಮಗ್ಸಿ ಬೋಗ್ಸ್ ಹೆಸರು ಹೇಳಿ. 5 ಅಡಿ 3 ಇಂಚು. ಎನ್‌ಬಿಎದಲ್ಲಿ 14 ಸೀಸನ್ ಆಡಿದರು. ಮೊದಲ ವರ್ಷ ಅವರ ತಂಡದಲ್ಲೇ 7 ಅಡಿ 7 ಇಂಚಿನ ಮನುಟೆ ಬೋಲ್ ಇದ್ದರು.

ಅಮೆರಿಕ ದೂರ ಆಯಿತು ಅಂತೀರಾ? ಕೇರಳದ ಗೀತು ಅನ್ನಾ ಜೋಸ್ ಅವರನ್ನು ನೋಡಿ. ದಕ್ಷಿಣ ರೈಲ್ವೆಯಲ್ಲಿ ಕೆಲಸ. ಆಸ್ಟ್ರೇಲಿಯಾದ ಕ್ಲಬ್ಬಿಗೆ ಹೋಗಿ ಆಡಿ ಬಂದರು. 2011ರಲ್ಲಿ ಅಮೆರಿಕದ ಮಹಿಳಾ ಲೀಗ್‌ನ ಮೂರು ತಂಡಗಳು ಟ್ರಯಲ್ಸ್‌ಗೆ ಕರೆದವು. ಒಪ್ಪಂದ ಸಿಗಲಿಲ್ಲ. ವಾಪಸ್ ಬಂದು ದೇಶಕ್ಕಾಗಿ ಆಡಿದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ನಿಮ್ಮ ಲೆಕ್ಕದಲ್ಲಿ ಇವರೂ ಸೋತವರೇ ಆಗುತ್ತಾರೆ. ನಿಮ್ಮ ಮಗಳ ಮುಂದೆ ಆ ಮಾತು ಹೇಳಲು ನಿಮಗೆ ಮನಸ್ಸು ಬರುತ್ತದಾ?

ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಟಗಾರರಿಗೆ ಅನ್ನ ಕೊಟ್ಟದ್ದು ಲೀಗ್‌ಗಳಲ್ಲ. 2015ರಲ್ಲಿ ಯುಬಿಎ ಅಂತ ಒಂದು ಲೀಗ್ ಶುರುವಾಯಿತು, ಕೆಲವೇ ಸೀಸನ್‌ಗಳಲ್ಲಿ ನಿಂತುಹೋಯಿತು. ಅನ್ನ ಕೊಟ್ಟದ್ದು ರೈಲ್ವೆ, ಬ್ಯಾಂಕು, ಪೊಲೀಸು, ಸೈನ್ಯ. ರಾಷ್ಟ್ರೀಯ ಟೂರ್ನಿಯಲ್ಲಿ ರೈಲ್ವೆಯ ಮಹಿಳಾ ತಂಡ ವರ್ಷಗಟ್ಟಲೆ ಮೆರೆದಿದೆ. ಅಂಥ ರೈಲ್ವೆಯ ಒಂದು ವಲಯದ ಕೇಂದ್ರ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ನಮ್ಮ ವಿಜಯಾ ಬ್ಯಾಂಕ್‌ಗೆ ಒಳ್ಳೆಯ ಬಾಸ್ಕೆಟ್‌ಬಾಲ್ ತಂಡ ಇತ್ತು. 2019ರಲ್ಲಿ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು, ಆ ಹೆಸರಿನ ಜರ್ಸಿಯೂ ಹೋಯಿತು. ಬ್ಯಾಂಕ್ ವಿಲೀನದ ಬಗ್ಗೆ ಆಗ ಪುಟಗಟ್ಟಲೆ ಬರೆದರು. ಜರ್ಸಿಯ ಬಗ್ಗೆ ಬರೆದದ್ದು ನಾನು ಓದಲಿಲ್ಲ.

ಎಷ್ಟು ಜನ ಆಡಿ ಎಷ್ಟು ಜನ ಮೇಲೆ ಹೋಗುತ್ತಾರೆ ಅಂತ ನೀವು ಕೇಳಬಹುದು. ಸರಿ, ಅದೇ ಪ್ರಶ್ನೆಯನ್ನು ಇನ್ನೊಂದು ಕಡೆ ಕೇಳೋಣ. ಒಂದು ದಿನ ಧಾರವಾಡದ ಸಪ್ತಾಪುರಕ್ಕೆ ಬನ್ನಿ. ಗಲ್ಲಿಗೊಂದು ಕೋಚಿಂಗ್ ಸೆಂಟರ್. ಹಾವೇರಿ, ಗದಗ, ಕೊಪ್ಪಳದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಸಣ್ಣ ರೂಮಿನಲ್ಲಿ ನಾಲ್ಕು ಜನ ಇದ್ದು, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಐದಾರು ವರ್ಷ ಓದುತ್ತಾರೆ. ಹುದ್ದೆ ಸಿಗುವುದು ಕೆಲವರಿಗೆ. ಉಳಿದವರು 30 ದಾಟಿ ಊರಿಗೆ ಮರಳುತ್ತಾರೆ. ಅವರ ಶ್ರಮವನ್ನು ಯಾರೂ ಹಾಳು ಅನ್ನುವುದಿಲ್ಲ. “ಪಾಪ, ಅದೃಷ್ಟ ಇರಲಿಲ್ಲ” ಅನ್ನುತ್ತಾರೆ. ಚೆಂಡು ಹಿಡಿದ ಹುಡುಗಿಗೆ ಮಾತ್ರ ಮೊದಲ ದಿನವೇ “ಇದರಿಂದ ಏನು ಸಿಗುತ್ತದೆ” ಅನ್ನುವ ಪ್ರಶ್ನೆ. ಈ ತಾರತಮ್ಯ ನನಗೆ ಮೊದಲಿನಿಂದಲೂ ನುಂಗಲಾಗದ ತುತ್ತು.

ಸಂಗೀತದಲ್ಲಿ ನಾವು ಹೀಗಿಲ್ಲ ಅಲ್ವಾ? ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ 11ನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟರು. ಅಂಥವರು ಒಬ್ಬರೇ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಎಷ್ಟೋ ಜನ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದರು. ಪುರಾಣಕ್ಕೆ ತಬಲಾ ನುಡಿಸಿದರು, ಜಾತ್ರೆಯಲ್ಲಿ ಕೀರ್ತನೆ ಮಾಡಿದರು. ಅವರು ಊರಿಗೆ ಬಂದರೆ ನಾವು ಎದ್ದು ನಿಲ್ಲುತ್ತೇವೆ. “ನೀವು ಯಾಕೆ ಭೀಮಸೇನ ಜೋಶಿ ಆಗಲಿಲ್ಲ” ಅಂತ ಯಾರೂ ಕೇಳುವುದಿಲ್ಲ. ಹಾರ್ಮೋನಿಯಂ ಹಿಡಿದವರಿಗೆ ಕೊಡುವ ಈ ಮರ್ಯಾದೆಯನ್ನು ಚೆಂಡು ಹಿಡಿದವರಿಗೂ ಕೊಡಿ ಅಂತ ನಾನು ಕೇಳುತ್ತಿದ್ದೇನೆ.

ಗದಗದವರೇ ಆದ ಸುನೀಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌ಗೆ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದು ಎಲ್ಲರಿಗೂ ನೆನಪಿದೆ. ಹುಡುಗನಾಗಿದ್ದಾಗ ಅವರು ಬೆಳಗಿನ ಜಾವ ಗದಗದಿಂದ ಹುಬ್ಬಳ್ಳಿಗೆ ಬಂದು, ಪ್ರಾಕ್ಟೀಸ್ ಮುಗಿಸಿ, ಶಾಲೆಯ ಹೊತ್ತಿಗೆ ವಾಪಸ್ ಹೋಗುತ್ತಿದ್ದರು. ಆ ಕತ್ತಲಲ್ಲಿ ಆ ಹುಡುಗನನ್ನು ನೋಡಿದ ಯಾರಿಗೆ ನೈರೋಬಿ ಗೊತ್ತಿತ್ತು?

ನಾನು ಓದಿದ್ದು ಧಾರವಾಡದಲ್ಲಿ. ಶಾಲೆಯ ಹಿಂದೆ ಒಂದು ಸಿಮೆಂಟಿನ ಕೋರ್ಟ್ ಇತ್ತು. ಎರಡು ಕಬ್ಬಿಣದ ರಿಂಗು, ಬಲೆ ಇಲ್ಲ. ಮಳೆಗಾಲದಲ್ಲಿ ನೆಲಕ್ಕೆ ಪಾಚಿ ಕಟ್ಟುತ್ತಿತ್ತು. ನಮ್ಮ ಪಿ.ಟಿ. ಮೇಷ್ಟ್ರು ಶನಿವಾರ ಬೆಳಗ್ಗೆ ಬೇಗ ಬಂದು, ಪೊರಕೆ ಹಿಡಿದು ತಾವೇ ಉಜ್ಜುತ್ತಿದ್ದರು. ಆಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಅವರು ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು, ಅದರಾಚೆ ಹೋದವರಲ್ಲ. ಪಾಸ್ ಕೊಡುವ ಮೊದಲು ತಲೆ ಎತ್ತಿ ನೋಡು ಅಂತ ಕಲಿಸಿದ್ದು ಅವರೇ. ಹತ್ತನೇ ತರಗತಿಗೆ ಬಂದ ಕೂಡಲೇ ನಮ್ಮ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟರು. ಮೇಷ್ಟ್ರು ಆ ಹೊತ್ತಿನಲ್ಲಿ ಒಬ್ಬರೇ ಕೋರ್ಟಿನ ಕಟ್ಟೆ ಮೇಲೆ ಕೂತಿರುತ್ತಿದ್ದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಈಚೆಗೆ ಅಲ್ಲಿಗೆ ಹೋಗಿದ್ದೆ. ಕೋರ್ಟ್ ಇದ್ದ ಜಾಗದಲ್ಲಿ ಬೈಕ್ ನಿಲ್ಲಿಸುವ ಶೆಡ್ ಇದೆ. ರಿಂಗಿನ ಒಂದು ಕಂಬ ಉಳಿದಿದೆ. ಅದಕ್ಕೆ ಶೆಡ್ಡಿನ ತಗಡು ಕಟ್ಟಿದ್ದಾರೆ.

ಇದು ಒಂದು ಶಾಲೆಯ ಕಥೆ ಮಾತ್ರ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ನಮ್ಮ ಅವಳಿ ನಗರದಲ್ಲಿ ಮೈದಾನ ಅಂದರೆ ಈಗ ಖಾಲಿ ಜಾಗ ಅಂತಲೇ ಅರ್ಥ. ಖಾಲಿ ಇದೆ, ಹಾಗಾಗಿ ಎಕ್ಸಿಬಿಷನ್ ಹಾಕಿ, ಸಭೆ ಮಾಡಿ, ಗಾಡಿ ನಿಲ್ಲಿಸಿ. ಮಕ್ಕಳು ಆಡುವುದನ್ನು ಯಾರೂ ಒಂದು ಬಳಕೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪತ್ರಿಕೆಗಳೂ ಹಾಗೇ. ಜಿಲ್ಲಾ ಮಟ್ಟದ ಪಂದ್ಯದ ಫಲಿತಾಂಶಕ್ಕೆ ಎರಡು ಸಾಲು, ಆಟಗಾರರ ಹೆಸರೇ ಇರುವುದಿಲ್ಲ. ಅದಕ್ಕೇ 52ನೆಯವನಿಗೆ ನಾಲ್ಕು ಪುಟ ಕೊಟ್ಟೆ. ಇನ್ನೂ ಕೊಡುತ್ತೇನೆ.

ಒಂದು ಮಾತು ಕೇಳಿ ಮುಗಿಸುತ್ತೇನೆ. ಪತ್ರದಲ್ಲಿ ಮಗಳ ಗಣಿತದ ಅಂಕ ಬರೆದಿದ್ದೀರಿ, ವಿಜ್ಞಾನದ್ದೂ ಬರೆದಿದ್ದೀರಿ. ಅಂಕಣದಲ್ಲಿ ಅವಳ ಜಾಗ ಯಾವುದು, ಗಾರ್ಡಾ, ಫಾರ್ವರ್ಡಾ, ಸೆಂಟರಾ? ಎಡಗೈಯಲ್ಲಿ ಡ್ರಿಬಲ್ ಮಾಡುತ್ತಾಳಾ? ಮುಂದಿನ ಮ್ಯಾಚ್ ಎಲ್ಲಿ, ಎಷ್ಟು ಗಂಟೆಗೆ? ಹೋಗಿ ನೋಡಿ, ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಹಾಕುತ್ತೇನೆ.

— ಸಂಪಾದಕ